ಕಾವು ಕೊಡುವವರ ವಾರ್ಷಿಕ ವರದಿ

ಹೊಸ ಕಂಪನಿಗಳನ್ನು ಆರಂಭದ ದಿನಗಳಲ್ಲಿ ಪೋಷಿಸುವ ಮತ್ತೊಂದು ಇನ್‌ಕ್ಯುಬೇಷನ್ ಕೇಂದ್ರ ಉದ್ಘಾಟನೆಯಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಎಂದಿನಂತೆ ಗಣ್ಯರು ಟೇಪು ಕತ್ತರಿಸಿದ್ದಾರೆ, ಎಂದಿನಂತೆ ಗೋಡೆಯ ಮೇಲೆ ಉರಿಯುವ ಬಲ್ಬಿನ ಚಿತ್ರವಿದೆ, ಎಂದಿನಂತೆ ಬಾಗಿಲು ತೆರೆದ ದಿನವೇ ಅದು ನವೋದ್ಯಮಗಳ ಬೆನ್ನೆಲುಬು ಎನಿಸಿಕೊಂಡಿದೆ. ಒಳಗಿನ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನೇ ಇನ್ನೂ ತೆಗೆಯದ ಕಟ್ಟಡವೊಂದು ಇಷ್ಟು ಬೇಗ ಬೆನ್ನೆಲುಬಿನ ಸ್ಥಾನಕ್ಕೇರಿದ್ದು ಅಭಿನಂದನೀಯ.

ಈ ಕೇಂದ್ರಗಳ ಉಪಕಾರವನ್ನು ಅಲ್ಲಗಳೆಯುವಷ್ಟು ಕೃತಘ್ನನು ನಾನಲ್ಲ. ಒಬ್ಬ ತಂತ್ರಜ್ಞೆ ನೀರಿನಲ್ಲಿರುವ ವಿಷಾಂಶವನ್ನು ಅಳೆಯುವ ಉಪಕರಣವೊಂದನ್ನು ತಯಾರಿಸಿದ್ದಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಬೇಕಾಗಿರುವುದು ಅದನ್ನು ಪರೀಕ್ಷಿಸಲು ಒಂದು ಪ್ರಯೋಗಾಲಯ, ಪ್ರಮಾಣಪತ್ರ ಪಡೆಯುವ ದಾರಿ ಬಲ್ಲ ಒಬ್ಬ ಮನುಷ್ಯ ಮತ್ತು ಆ ಉಪಕರಣವನ್ನು ದುಡ್ಡು ಕೊಟ್ಟು ಕೊಳ್ಳುವ ಮೊದಲ ಗ್ರಾಹಕ. ಕೇಂದ್ರವು ಅವಳಿಗೆ ಮೆತ್ತನೆಯ ಬೀನ್‌ಬ್ಯಾಗ್, ವೇಗದ ವೈಫೈ, ಹೆಸರು ಅಚ್ಚಾದ ಟೀಶರ್ಟು ಮತ್ತು ಹನ್ನೆರಡು ಸ್ಲೈಡುಗಳಲ್ಲಿ ಕನಸನ್ನು ಹೇಳುವ ತರಬೇತಿಯನ್ನು ಧಾರಾಳವಾಗಿ ಒದಗಿಸುತ್ತದೆ. ಆರು ತಿಂಗಳ ತರುವಾಯ ಉಪಕರಣ ಇದ್ದಲ್ಲೇ ಇರುತ್ತದೆ, ಸ್ಲೈಡುಗಳು ಮಾತ್ರ ಅಪ್ರತಿಮವಾಗಿರುತ್ತವೆ.

ಮೆಂಟರುಗಳ ವಿಷಯವನ್ನಂತೂ ತುಸು ವಿಸ್ತಾರವಾಗಿಯೇ ಹೇಳಬೇಕು. ಜೀವಮಾನವಿಡೀ ತಿಂಗಳ ಮೊದಲ ದಿನ ತಪ್ಪದೆ ಸಂಬಳ ಪಡೆದ ಮಹನೀಯರು ಅಪಾಯವನ್ನು ಅಪ್ಪಿಕೊಳ್ಳುವ ಬಗೆಯನ್ನು ಬೋಧಿಸುವಾಗ ಅವರ ಮುಖದಲ್ಲಿ ಕಾಣುವ ಧೈರ್ಯ ಬೇರೆಲ್ಲೂ ಕಾಣಸಿಗದು. ಸೋಮವಾರ ಬಂದವರು ಒಂದೇ ಉತ್ಪನ್ನಕ್ಕೆ ಅಂಟಿಕೊಳ್ಳಿ ಎನ್ನುತ್ತಾರೆ. ಬುಧವಾರ ಬಂದವರು ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಏನು ಮಾಡುತ್ತೀರಿ, ವಿಸ್ತರಿಸಿ ಎನ್ನುತ್ತಾರೆ. ಶುಕ್ರವಾರದವರು ಉಪಕರಣವನ್ನೇ ಕೈಬಿಟ್ಟು ಆ್ಯಪ್ ಮಾಡಿ ಎಂದು ಹೇಳಿ, ತಮ್ಮ ಮುಂದಿನ ಉಪನ್ಯಾಸಕ್ಕೆ ತಡವಾಯಿತೆಂದು ಹೊರಡುತ್ತಾರೆ. ಮೂವರೂ ಕಳೆದ ಗಂಟೆಗಳು ‘ಮಾರ್ಗದರ್ಶನದ ಅವಧಿ’ ಎಂಬ ಶೀರ್ಷಿಕೆಯಡಿ ಕೂಡಿಕೊಂಡು ವಾರ್ಷಿಕ ವರದಿಯಲ್ಲಿ ಬಣ್ಣದ ಸ್ತಂಭವಾಗಿ ಎದ್ದು ನಿಲ್ಲುತ್ತವೆ. ಮೂವರಲ್ಲಿ ಒಬ್ಬರಾದರೂ ಅವಳನ್ನು ಒಬ್ಬ ಗ್ರಾಹಕನಿಗೆ ಪರಿಚಯಿಸಿದರೇ ಎಂಬ ಪ್ರಶ್ನೆಗೆ ವರದಿಯಲ್ಲಿ ಅಂಕಣವಿಲ್ಲ.

ಇದೆಲ್ಲ ಹೇಗೆ ಆರಂಭವಾಯಿತೆಂಬುದನ್ನು ನೆನೆದರೆ ನಗು ಬರುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಎಂಬ ಪಟ್ಟಣದಲ್ಲಿ ಕೃಷಿಯಂತ್ರಗಳ ದೊಡ್ಡ ಕಾರ್ಖಾನೆಯೊಂದು ಮುಚ್ಚಿ ಹೋಗಿತ್ತು. 1959ರಲ್ಲಿ ಜೋಸೆಫ್ ಮ್ಯಾಂಕುಸೊ ಎಂಬಾತ ಆ ಖಾಲಿ ಕಟ್ಟಡದ ಹೊಣೆ ಹೊತ್ತ. ಅಷ್ಟು ದೊಡ್ಡ ಜಾಗವನ್ನು ಪೂರ್ತಿಯಾಗಿ ಬಾಡಿಗೆಗೆ ಹಿಡಿಯುವ ಒಂದೇ ಕಂಪನಿ ಸಿಗಲಿಲ್ಲವಾದ್ದರಿಂದ ಅದನ್ನು ತುಂಡು ತುಂಡಾಗಿ ಸಣ್ಣ ಉದ್ಯಮಗಳಿಗೆ ಕೊಟ್ಟ, ಕಚೇರಿಯ ಕೆಲಸಕ್ಕೆ ಎಲ್ಲರಿಗೂ ಸೇರಿ ಒಂದೇ ವ್ಯವಸ್ಥೆ ಮಾಡಿದ, ಬಂಡವಾಳ ಹೊಂದಿಸಿಕೊಳ್ಳಲು ನೆರವಾದ. ಅವನ ಬಾಡಿಗೆದಾರರಲ್ಲಿ ಕೋಳಿಮರಿಗಳ ಕಂಪನಿಯೂ ಒಂದಿತ್ತು. ಕೇಂದ್ರಕ್ಕೆ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ, ಎಂಬ ಹೆಸರು ಅಂಟಿಕೊಂಡದ್ದು ಆ ಮರಿಗಳ ದೆಸೆಯಿಂದಲೇ. ಅಂದರೆ ಜಗತ್ತಿನ ಮೊದಲ ಇನ್‌ಕ್ಯುಬೇಟರ್ ಎನ್ನಲಾಗುವ ಸಂಸ್ಥೆ ಹುಟ್ಟಿದ್ದು ದಾರ್ಶನಿಕ ಘೋಷಣೆಯಿಂದಲ್ಲ, ಕಟ್ಟಡ ಖಾಲಿ ಬಿದ್ದಿದೆ ಎಂಬ ಚಿಂತೆಯಿಂದ. ಬಾಡಿಗೆದಾರ ದಿವಾಳಿಯಾದರೆ ತನ್ನ ಬಾಡಿಗೆಯೂ ಹೋಗುತ್ತದೆಂಬ ಭಯ ಮ್ಯಾಂಕುಸೊಗೆ ಇದ್ದೇ ಇತ್ತು. ಇಂದಿನ ವ್ಯವಸ್ಥಾಪಕರು ಅಂಥ ಕ್ಷುಲ್ಲಕ ಭಯಗಳಿಂದ ಸಂಪೂರ್ಣವಾಗಿ ಮುಕ್ತರು, ಏಕೆಂದರೆ ಅವರ ಅನುದಾನ ಒಳಗೆ ಬಂದವರ ಸಂಖ್ಯೆಯ ಮೇಲೆ ನಿಂತಿದೆಯೇ ಹೊರತು ಹೊರಗೆ ಹೋದವರ ಗತಿಯ ಮೇಲೆ ಅಲ್ಲ.

ಕೋಳಿಮೊಟ್ಟೆ ಒಡೆಯಲು ಸುಮಾರು 21 ದಿನ ಸಾಕು. ಯಂತ್ರದೊಳಗೆ ಇಟ್ಟ ಮೊಟ್ಟೆಗಳ ಲೆಕ್ಕವನ್ನು ಮಾತ್ರ ತೋರಿಸಿ, ಮರಿಗಳೆಲ್ಲಿ ಎಂದು ಕೇಳಿದವರಿಗೆ ‘ಪರಿಸರ ನಿರ್ಮಾಣವಾಗುತ್ತಿದೆ’ ಎಂದು ಉತ್ತರಿಸುವ ಕೋಳಿ ಸಾಕಣೆದಾರ ಎಷ್ಟು ದಿನ ಉಳಿದಾನು? ನವೋದ್ಯಮಗಳ ಲೋಕದಲ್ಲಿ ಅಂಥವನಿಗೆ ಪ್ರಶಸ್ತಿ ಬರುತ್ತದೆ.

ಹೆಸರು ಮಾಡಿದವರು ಸೋಲನ್ನು ಮುಚ್ಚಿಟ್ಟುಕೊಂಡು ಹೆಸರು ಮಾಡಿದವರಲ್ಲ. ನವೋದ್ಯಮಗಳಿಗೆ ಹಣ ಮತ್ತು ತರಬೇತಿ ಕೊಡುವ, 2005ರಲ್ಲಿ ಆರಂಭವಾದ ಅಮೆರಿಕದ ವೈ ಕಾಂಬಿನೇಟರ್‌ನ ಮೊದಲ ತಂಡದಲ್ಲಿ ಕಿಕೊ ಎಂಬ ಆನ್‌ಲೈನ್ ಕ್ಯಾಲೆಂಡರ್ ಕಂಪನಿ ಇತ್ತು. ಮರುವರ್ಷ ಗೂಗಲ್ ತನ್ನದೇ ಕ್ಯಾಲೆಂಡರ್ ತಂದ ಮೇಲೆ ಅದರ ಸ್ಥಾಪಕರು ಕಂಪನಿಯನ್ನು ಇಬೇಯಲ್ಲಿ ಹರಾಜಿಗಿಟ್ಟರು. 2,58,100 ಡಾಲರ್ ಬಂತು. ಆ ಸ್ಥಾಪಕರಲ್ಲಿ ಇಬ್ಬರು ಮುಂದೆ ಇನ್ನಿಬ್ಬರೊಡನೆ ಸೇರಿ ಕಟ್ಟಿದ ಜಸ್ಟಿನ್ ಡಾಟ್ ಟಿವಿಯಿಂದ ವಿಡಿಯೊ ಗೇಮ್ ಆಟಗಳನ್ನು ನೇರಪ್ರಸಾರ ಮಾಡುವ ಟ್ವಿಚ್ ಹುಟ್ಟಿತು, 2014ರಲ್ಲಿ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಮಾದರಿ ಕೇಂದ್ರವಾಗಿದ್ದರೆ ಕಿಕೊ ಮುಳುಗಿದ ಸುದ್ದಿ ಹೊರಗೆ ಬರುತ್ತಲೇ ಇರಲಿಲ್ಲ. ‘ಪೋಷಿತ ನವೋದ್ಯಮಗಳು’ ಎಂಬ ಪಟ್ಟಿಯಲ್ಲಿ ಆ ಹೆಸರು ಇಂದಿಗೂ ಜೀವಂತವಾಗಿರುತ್ತಿತ್ತು, ಪಕ್ಕದಲ್ಲಿ ಸ್ಥಾಪಕರ ನಗುಮುಖದ ಭಾವಚಿತ್ರವೂ ಇರುತ್ತಿತ್ತು.

ಇನ್ನು ಪಾಲಿನ ಮಾತು. ವೇಗವರ್ಧಕ ಎಂದು ಕರೆಸಿಕೊಳ್ಳುವ ಸಂಸ್ಥೆಗಳು ಮೂರು ತಿಂಗಳ ತರಬೇತಿಯ ಜೊತೆ ಹಣವನ್ನೂ ಕೊಟ್ಟು ಶೇಕಡಾ 5ರಿಂದ 10ರಷ್ಟು ಷೇರು ತೆಗೆದುಕೊಳ್ಳುವುದು ರೂಢಿ. ಅದು ವ್ಯಾಪಾರ, ಅದರಲ್ಲಿ ತಪ್ಪಿಲ್ಲ. ಹಣವನ್ನೇ ಕೊಡದೆ, ಒಂದು ಮೇಜು ಮತ್ತು ಒಂದು ಅಂಚೆ ವಿಳಾಸವನ್ನು ಕೊಟ್ಟು ಷೇರು ಕೇಳುವ ಹೊಸ ಪದ್ಧತಿಗೆ ಏನೆನ್ನಬೇಕೋ ನನಗೆ ತಿಳಿಯದು. ಮೇಜಿನ ಮರ ಬಹಳ ಉತ್ತಮ ಜಾತಿಯದಿರಬೇಕು.

ನಗುವುದು ಇಲ್ಲಿಗೆ ಸಾಕು. ಹೊಸದನ್ನು ಕಂಡುಹಿಡಿಯುವವರ ಕೈಯಲ್ಲಿ ಇರುವುದು ಕೆಲವು ವರ್ಷಗಳು ಮಾತ್ರ. ಉಳಿತಾಯ ಕರಗುವ ಮೊದಲು, ಮನೆಯವರ ತಾಳ್ಮೆ ಮುಗಿಯುವ ಮೊದಲು ಏನಾದರೂ ಆಗಬೇಕು. ಆ ವರ್ಷಗಳನ್ನು ಅನುದಾನದ ಮುಂದಿನ ಕಂತಿಗಾಗಿ ಪ್ರಗತಿ ವರದಿ ಬರೆಯುವುದರಲ್ಲಿ, ಅತಿಥಿಗಳು ಬಂದಾಗಲೆಲ್ಲ ಉಪಕರಣದ ಪಕ್ಕದಲ್ಲಿ ನಿಂತು ನಗುವುದರಲ್ಲಿ, ದೊಡ್ಡ ರಟ್ಟಿನ ಚೆಕ್ಕು ಹಿಡಿದು ಫೋಟೊ ತೆಗೆಸಿಕೊಂಡು ಅಸಲಿ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯುವುದರಲ್ಲಿ ಕಳೆಯುವಂತೆ ಮಾಡುವುದು ನೆರವಲ್ಲ. ಅದು ಕಳ್ಳತನ, ಮತ್ತು ಕದ್ದ ಸಮಯವನ್ನು ಹೂಡಿಕೆದಾರರ ಮುಂದೆ ಪ್ರದರ್ಶನ ನೀಡುವ ಯಾವ ಡೆಮೊ ಡೇಯಲ್ಲೂ ಹಿಂದಿರುಗಿಸಲಾಗದು.

ಆದ್ದರಿಂದ ಒಂದು ಸಣ್ಣ ಕೋರಿಕೆ. ಪ್ರತಿ ಕೇಂದ್ರವೂ ಐದು ವರ್ಷಗಳ ಹಿಂದೆ ತನ್ನಿಂದ ಹೊರಟ ಕಂಪನಿಗಳ ಪಟ್ಟಿಯನ್ನು ಪ್ರಕಟಿಸಲಿ: ಯಾವುದು ಉಳಿದಿದೆ, ಯಾವುದು ಮುಚ್ಚಿದೆ, ಉಳಿದದ್ದು ಎಷ್ಟು ಜನರಿಗೆ ಸಂಬಳ ಕೊಡುತ್ತಿದೆ. ಒಂದು ಪುಟ ಸಾಕು. ಈ ಸಲಹೆಯನ್ನು ಕೇಳಿಸಿಕೊಂಡ ವ್ಯವಸ್ಥಾಪಕರೊಬ್ಬರು ಬಹಳ ಸಂತೋಷಪಟ್ಟು, ಆ ಪುಟವನ್ನು ಸಿದ್ಧಪಡಿಸುವ ನವೋದ್ಯಮವೊಂದನ್ನು ಕೂಡಲೇ ತಮ್ಮ ಕೇಂದ್ರಕ್ಕೆ ಸೇರಿಸಿಕೊಳ್ಳುವುದಾಗಿ ಭರವಸೆ ನೀಡಿದ್ದಾರೆ.