ದಾಸೋಜನಿಗೆ ಸರ್‌ನೇಮ್ ಇಲ್ಲ

ನಮ್ಮ ಅಕ್ಕನ ಮಗಳು ಹಾಸನ ಜಿಲ್ಲೆಯ ಹೊಯ್ಸಳ ಶಿಲ್ಪಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬರೆದು ಮುಗಿಸಲು ನಾಲ್ಕು ವರ್ಷ ಹಿಡಿಯಿತು. ಅಲ್ಪವಿರಾಮ ಸರಿಮಾಡುವುದರಲ್ಲಿ ಐದನೇ ವರ್ಷ ನಡೆಯುತ್ತಿದೆ.

'ಮಾವ, ಗೈಡ್ ಮತ್ತೆ ವಾಪಸ್ ಕಳಿಸಿದ್ರು.'

'ಏನು ತಪ್ಪಾಯ್ತಮ್ಮಾ?'

'ಇಸವಿ ಆದ್ಮೇಲೆ ಚುಕ್ಕಿ ಇಟ್ಟಿಲ್ವಂತೆ.'

'ಒಳಗೆ ಬರೆದಿದ್ದು?'

'ಅದನ್ನಿನ್ನೂ ಓದಿಲ್ಲ. ಮೊದಲು ಗ್ರಂಥಋಣ ಸರಿಯಾಗ್ಲಿ ಅಂದ್ರು.'

ಹಾಸನದ ಡಿಟಿಪಿ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಲ್ಲಿಯ ಹುಡುಗ ಪ್ರಬಂಧ ನೋಡಿ ನೋಡಿ ಪಳಗಿದವನು. 'ಯಾವ ಸ್ಟೈಲು ಅಣ್ಣ? ಎ.ಪಿ.ಎ.ನಾ, ಎಂ.ಎಲ್.ಎ.ನಾ, ಶಿಕಾಗೋನಾ?' ಅಂದ. ಕಟಿಂಗ್ ಶಾಪಿಗೆ ಬಂದ ಹಾಗಾಯ್ತು.

ಇವೆಲ್ಲ ಗ್ರಂಥಋಣ ಬರೆಯುವ ಪದ್ಧತಿಗಳು. ಎ.ಪಿ.ಎ. ಅಂದರೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ. 1929ರಲ್ಲಿ ಅವರು ತಮ್ಮ ಲೇಖನಗಳಿಗೆ ಅಂತ ಏಳು ಪುಟದ ನಿಯಮ ಬರೆದುಕೊಂಡರು. 2019ರ ಏಳನೇ ಆವೃತ್ತಿ ನಾನೂರು ಪುಟ ದಾಟಿದೆ. ಅದರ ಪ್ರಕಾರ ಸರ್‌ನೇಮ್ ಮೊದಲು, ಇನಿಷಿಯಲ್ ಆಮೇಲೆ. ನಮ್ಮ ಕಡೆ ಸರ್‌ನೇಮ್ ಎಲ್ಲಿಂದ ತರೋಣ? ಊರು, ಅಪ್ಪನ ಹೆಸರು, ಕೊನೆಗೆ ನಾವು. ಅಷ್ಟೇ ಅಲ್ವಾ? ನನ್ನ ಹೆಸರಿನ 'ಹೆಚ್' ಹೊಳೆನರಸೀಪುರ.

ಬೇಲೂರು ದೇವಸ್ಥಾನದ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಲ್ಲಿ ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಯಾರ ಕೈಕೆಲಸ, ಯಾವ ಊರಿನವನು, ಎಲ್ಲ ಕಲ್ಲಿನಲ್ಲೇ ಇದೆ. ಹುಡುಗ ಸ್ವಲ್ಪ ಯೋಚಿಸಿ 'ಬಳ್ಳಿಗಾವೆ, ದಾ.' ಅಂತ ಹೊಡೆದ.

'ಪಬ್ಲಿಷರ್ ಯಾರಣ್ಣ?'

'ವಿಷ್ಣುವರ್ಧನ' ಅಂದೆ ತಮಾಷೆಗೆ. ಟೈಪ್ ಮಾಡಿಯೇಬಿಟ್ಟ.

ಪುಸ್ತಕದ ಹೆಸರು ಇಟಾಲಿಕ್ ಆಗಬೇಕಂತೆ. ನಮ್ಮ ದುಂಡು ಅಕ್ಷರಕ್ಕೆ ಆ ಅಭ್ಯಾಸ ಎಲ್ಲಿ? ಬಟನ್ ಒತ್ತಿದರೆ ಶಿರಾಡಿ ಘಾಟಿ ತಿರುವಿನಲ್ಲಿ ಬಸ್ಸು ವಾಲಿದ ಹಾಗೆ ಎಲ್ಲವೂ ಒಂದೇ ಕಡೆಗೆ ವಾಲಿದವು.

ಇದೆಲ್ಲ ಬರಹದ ಕಳ್ಳತನ ತಡೆಯೋಕೆ ಅಂತ ಅಕ್ಕನ ಮಗಳು ಸಮಾಧಾನ ಹೇಳಿದಳು. ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಹತ್ತು ಪರ್ಸೆಂಟ್ ತನಕ ಹೋಲಿಕೆ ಇದ್ದರೆ ದಂಡ ಇಲ್ಲ. ನಲವತ್ತರ ತನಕ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಅರವತ್ತು ದಾಟಿದರೆ ನೋಂದಣಿಯೇ ರದ್ದು. ನಾನು ಕಾಫಿ ಸೀಮೆಯವನು. ನಮ್ಮಲ್ಲಿ ಪುಡಿಗೆ ಚಿಕೋರಿ ಬೆರೆಸುತ್ತಾರೆ, ನಿಜ. ಆದರೆ ಎಷ್ಟು ಬೆರೆಸಿದ್ದು ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಬೇಕು, ಕಾನೂನೇ ಇದೆ. ಕುಡಿಯುವವನು ಓದಿ ಕೊಂಡುಕೊಳ್ಳುತ್ತಾನೆ. ಪ್ರಬಂಧದಲ್ಲಿ ಚಿಕೋರಿ ಎಷ್ಟು ಅಂತ ರಟ್ಟಿನ ಮೇಲೆ ಹಾಕಿದವರನ್ನು ನಾನಂತೂ ಕಂಡಿಲ್ಲ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಇನ್ನೊಬ್ಬ ಸಂಶೋಧಕ ನಮ್ಮ ಮಾತು ಕೇಳಿ ನಕ್ಕ. ಅವನ ಪ್ರಬಂಧ ಹಳೇ ನುಡಿ ಫಾಂಟಿನಲ್ಲಿತ್ತು. ಪರದೆ ಮೇಲೆ ಚೆಂದದ ಕನ್ನಡ. ಹೋಲಿಕೆ ಹುಡುಕುವ ಯಂತ್ರದ ಕಣ್ಣಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿರುವ ಮೂಲಕ್ಕೂ ಅದಕ್ಕೂ ತಾಳೆಯೇ ಆಗಲ್ಲ. ಎರಡನೇ ಅಧ್ಯಾಯ ಪೂರ್ತಿ ಎತ್ತಿದ್ದಂತೆ. ರಿಪೋರ್ಟ್ ಸೊನ್ನೆ. ಚುಕ್ಕಿ ಮಾತ್ರ ಅದರದರ ಜಾಗದಲ್ಲೇ ಇತ್ತು, ಅದನ್ನು ಒಪ್ಪಬೇಕು.

ಹೊರಡುವ ಹೊತ್ತಿಗೆ ಗೈಡ್ ಫೋನು ಬಂತು. ಏಳನೇ ಆವೃತ್ತಿಯಲ್ಲಿ ಪ್ರಕಾಶಕರ ಊರು ಹಾಕುವ ಹಾಗಿಲ್ಲ, ತೆಗೆಸಿ ಅಂದರು. ಮುನ್ನೂರು ಪುಸ್ತಕದ ಪಟ್ಟಿ. ಅಕ್ಕನ ಮಗಳು ತಲೆ ಮೇಲೆ ಕೈ ಹೊತ್ತಳು. 'ಒಂದೇ ಏಟಿಗೆ ತೆಗೀತೀನಿ ಅಕ್ಕ' ಅಂದ ಹುಡುಗ. ಬೆಂಗಳೂರು, ಮೈಸೂರು, ಹಾಸನ ಅಂತ ಒಂದೊಂದೇ ಕೊಟ್ಟು, ಎದುರಿಗೆ ಖಾಲಿ ಬಿಟ್ಟು, 'ರಿಪ್ಲೇಸ್ ಆಲ್' ಒತ್ತಿದ. ಪಟ್ಟಿ ಫಳಫಳ ಅಂತ ಸ್ವಚ್ಛವಾಯ್ತು. ಅಲ್ಲೇ ಈಮೇಲ್ ಮಾಡಿ ಟೀ ಕುಡಿದು ಮನೆಗೆ ಬಂದೆವು.

ಮಾರನೇ ದಿನ ಉತ್ತರ ಬಂತು. 'ಈಗ ಚೆನ್ನಾಗಿದೆ. ಬೈಂಡಿಂಗಿಗೆ ಕೊಡಿ.'

ಐದು ಪ್ರತಿ ಮಾಡಿಸಿದೆವು. ಮರೂನ್ ರೆಕ್ಸಿನ್, ಚಿನ್ನದ ಅಕ್ಷರ. ಮುಖಪುಟದಲ್ಲಿ ಹೀಗಿದೆ: 'ಜಿಲ್ಲೆಯ ಹೊಯ್ಸಳ ಶಿಲ್ಪಿಗಳು: ಒಂದು ಅಧ್ಯಯನ.'