ಎಚ್ಚರಿಕೆಯಿಂದ ಜಾರಿರಿ

ನಮ್ಮ ಮಾವನವರು ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿ ನೌಕರಿಗೇ ಹೊರತು ತಿದ್ದುವ ಚಟಕ್ಕಲ್ಲ. ಮದುವೆಯ ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತ ಯಾವಾಗ ಎಂದು ನೋಡುವುದಕ್ಕೆ ಮೊದಲು ಅವರು ಸ್ಪೆಲಿಂಗ್ ನೋಡುತ್ತಾರೆ. ಬಸ್ ನಿಲ್ದಾಣದ ಬಳಿ ‘ಕೂಲ್ ಡ್ರಿಂಗ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದ ಬೋರ್ಡು ಕಂಡರೆ ಬಾಯಾರಿಕೆಯನ್ನೂ ಮರೆತು ಅಂಗಡಿಯವನಿಗೆ ಪಾಠಕ್ಕೆ ನಿಲ್ಲುತ್ತಾರೆ. ನನ್ನ ಯಜಮಾನರ ಉದ್ಯೋಗದ ನಿಮಿತ್ತ ನಾವು ಚೀನಾದ ಸೂಝೌ ನಗರದಲ್ಲಿದ್ದಾಗ ಮೊಮ್ಮಗನನ್ನು ನೋಡಲೆಂದು ಇಬ್ಬರೂ ಬಂದರು. ಅತ್ತೆಯವರ ಚೀಲದಲ್ಲಿ ನಿಪ್ಪಟ್ಟು, ಕೋಡುಬಳೆ ಇದ್ದವು. ಮಾವನವರ ಜೇಬಿನಲ್ಲಿ ಕೆಂಪು ಪೆನ್ನು ಇತ್ತು.

ಒಂದು ಮಧ್ಯಾಹ್ನ ಮಾಲ್‌ಗೆ ಹೋಗಿದ್ದೆವು. ಶೌಚಾಲಯಕ್ಕೆ ತಿರುಗುವ ಓಣಿಯಲ್ಲಿ ಆಗತಾನೇ ನೆಲ ಒರೆಸಿ, ಹಳದಿ ಬಣ್ಣದ ಮಡಚುವ ಫಲಕವೊಂದನ್ನು ನಿಲ್ಲಿಸಿದ್ದರು. ಚೀನೀ ಅಕ್ಷರಗಳ ಕೆಳಗೆ ಇಂಗ್ಲಿಷಿನಲ್ಲಿ ‘ಎಚ್ಚರಿಕೆಯಿಂದ ಜಾರಿರಿ’ ಎಂದಿತ್ತು. ಮಾವನವರು ಅಲ್ಲಿಯೇ ನಿಂತುಬಿಟ್ಟರು. “ಜಾರಬೇಡಿ ಅಂದಿದ್ದರೆ ಸರಿ. ನೋಡಿ ನಡೆಯಿರಿ ಅಂದಿದ್ದರೂ ಸರಿ. ಇದು ಹೇಗಿದೆ ನೋಡಮ್ಮ, ಜಾರುವುದಂತೂ ಖಚಿತ, ಅದನ್ನಾದರೂ ಅಚ್ಚುಕಟ್ಟಾಗಿ ಮಾಡಿ ಅಂದಹಾಗಿದೆ!” ಎಂದು ಫಲಕದ ಹಿಂಬದಿಯಲ್ಲೇನಾದರೂ ಬೇರೆ ಬರೆದಿದೆಯೇ ಎಂದು ಬಗ್ಗಿ ಪರೀಕ್ಷಿಸತೊಡಗಿದರು. ನೆಲ ಒರೆಸುತ್ತಿದ್ದ ಹೆಂಗಸು ಇದನ್ನು ನೋಡಿದಳು. ಈ ಹಿರಿಯರು ಆತುರದಿಂದ ಬಂದು, ಒದ್ದೆ ನೆಲಕ್ಕೆ ಹೆದರಿ ದಾಟಲಾರದೆ ಒದ್ದಾಡುತ್ತಿದ್ದಾರೆಂದು ಅವಳಿಗೆ ತೋರಿರಬೇಕು. ಮಾಪನ್ನು ಗೋಡೆಗೊರಗಿಸಿ ಬಂದವಳೇ ಅವರ ತೋಳು ಹಿಡಿದು, ಒಂದೊಂದೇ ಹೆಜ್ಜೆ ಇಡಿಸುತ್ತಾ ಗಂಡಸರ ಶೌಚಾಲಯದ ಬಾಗಿಲವರೆಗೆ ಮುಟ್ಟಿಸಿದಳು. ಅಷ್ಟು ಅಕ್ಕರೆಯಿಂದ ಕರೆತಂದವಳಿಗೆ ಬೇಡವೆನ್ನುವುದು ಹೇಗೆ? ಮಾವನವರು ಸುಮ್ಮನೆ ಒಳಗೆ ಹೋದರು, ಕೈ ತೊಳೆದುಕೊಂಡರು, ಮರ್ಯಾದೆಗೆ ತಕ್ಕಷ್ಟು ಹೊತ್ತು ಕಳೆದು ಹೊರಬಂದರು. ಬಾಗಿಲಲ್ಲೇ ಕಾದಿದ್ದ ಆಕೆ ಮತ್ತೆ ತೋಳು ಹಿಡಿದು ಅವರನ್ನು ಅದೇ ಫಲಕದ ಪಕ್ಕಕ್ಕೆ ತಂದು ನಿಲ್ಲಿಸಿ, ನನ್ನತ್ತ ನೋಡಿ ಸಮಾಧಾನದಿಂದ ತಲೆಯಾಡಿಸಿದಳು.

ಆ ಫಲಕದ ಗುಟ್ಟನ್ನು ನನಗೆ ಚೀನೀ ಕಲಿಸುತ್ತಿದ್ದ ಹುಡುಗಿ ಬಿಡಿಸಿ ಹೇಳಿದಳು. ಮೂಲದಲ್ಲಿರುವುದು ನಾಲ್ಕೇ ಅಕ್ಷರ. ಮೊದಲೆರಡು ಸೇರಿದರೆ ‘ಜೋಕೆ’, ಮೂರನೆಯದು ‘ನೆಲ’, ನಾಲ್ಕನೆಯದು ‘ಜಾರುತ್ತದೆ’. ಆದರೆ ನೆಲವೆಂಬ ಅದೇ ಅಕ್ಷರವನ್ನು ಬೇರೆ ಉಚ್ಚಾರಣೆಯಲ್ಲಿ, ನಮ್ಮ ‘ಆಗಿ’ ಎಂಬ ಪ್ರತ್ಯಯದಂತೆ ಕ್ರಿಯಾವಿಶೇಷಣ ಮಾಡುವುದಕ್ಕೂ ಬಳಸುತ್ತಾರೆ. ಅನುವಾದ ಮಾಡಿದವರಿಗೆ ನೆಲ ಕಾಣದೆ ಪ್ರತ್ಯಯ ಕಂಡದ್ದರಿಂದ ‘ಜೋಕೆ, ನೆಲ ಜಾರುತ್ತದೆ’ ಎಂಬುದು ‘ಜೋಕೆಯಾಗಿ ಜಾರು’ ಎಂದಾಯಿತು. ಇದನ್ನು ಕೇಳಿ ಮಾವನವರು ಬಹಳ ಹೊತ್ತು ಯೋಚಿಸಿ, “ಇದು ವ್ಯಾಕರಣ ಗೊತ್ತಿದ್ದವನು ಮಾಡಿದ ತಪ್ಪು” ಎಂದು ಅರ್ಧ ಅಂಕ ಕೊಟ್ಟರು. ಅಂದಿನಿಂದ ಕಂಡ ಫಲಕಗಳ ಫೋಟೋ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ಅವುಗಳಿಗೆ ಅಂಕ ಹಾಕುವ ಹೊಸ ಉದ್ಯೋಗ ಆರಂಭವಾಯಿತು.

ಆ ನೋಟ್‌ಬುಕ್ಕಿಗೆ ಏರದೆ ಉಳಿದ ಫಲಕವೊಂದಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಒಣ ಹಣ್ಣುಗಳನ್ನಿಟ್ಟ ಸಾಲಿನ ಮೇಲೆ ತೂಗುಹಾಕಿದ್ದ ಆ ಫಲಕದಲ್ಲಿ ‘ಒಣ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಅತ್ಯಂತ ಪ್ರಸಿದ್ಧವಾದ ಬೈಗುಳ ದಪ್ಪಕ್ಷರಗಳಲ್ಲಿ ರಾರಾಜಿಸುತ್ತಿತ್ತು. ಇದರ ಹಿಂದೆಯೂ ಒಂದು ಚರಿತ್ರೆಯಿದೆ. ಬರೆಯುವುದು ಸುಲಭವಾಗಲೆಂದು ಚೀನಾ ಸರ್ಕಾರ 1956ರಲ್ಲಿ ಲಿಪಿಯನ್ನು ಸರಳಗೊಳಿಸುವ ಯೋಜನೆ ಹೊರಡಿಸಿತು. ಸರಳೀಕರಣದ ಈ ಕೆಲಸದಲ್ಲಿ ‘ಒಣಗಿದ್ದು’ ಮತ್ತು ‘ಮಾಡು’ ಎಂಬ ಎರಡು ಬೇರೆ ಬೇರೆ ಅಕ್ಷರಗಳು ಒಂದೇ ಆಕಾರಕ್ಕೆ ಬಂದವು. ‘ಮಾಡು’ ಎಂಬುದಕ್ಕೆ ಅಲ್ಲಿಯ ಆಡುಮಾತಿನಲ್ಲಿ ಪೋಲಿ ಅರ್ಥವೂ ಉಂಟು. ಅನುವಾದದ ತಂತ್ರಾಂಶ ಅದನ್ನೇ ಆರಿಸಿಕೊಂಡರೆ ಒಣ ದ್ರಾಕ್ಷಿಯ ಮಾನ ಉಳಿಯುವುದಿಲ್ಲ. ನಾನು ಮಾವನವರ ಗಮನವನ್ನು ಅತ್ತ ಪೇರಿಸಿಟ್ಟಿದ್ದ ಟೊಮೆಟೊಗಳ ಕಡೆಗೆ ತಿರುಗಿಸಲು ನೋಡಿದೆನಾದರೂ ಮೇಷ್ಟ್ರ ಕಣ್ಣು ಅಷ್ಟರಲ್ಲೇ ಓದಿ ಮುಗಿಸಿತ್ತು. ಅವರು ಕನ್ನಡಕ ತೆಗೆದು ಒರೆಸಿ ಜೇಬಿಗೆ ಹಾಕಿಕೊಂಡು, “ದ್ರಾಕ್ಷಿ, ಗೋಡಂಬಿ ಇಲ್ಲಿ ಬೇಡಮ್ಮ, ಊರಿನಲ್ಲೇ ತೆಗೆದುಕೊಂಡರಾಯಿತು” ಎಂದಷ್ಟೇ ಹೇಳಿ ಮುಂದೆ ನಡೆದರು. ಒಣ ದ್ರಾಕ್ಷಿ ಕೊಳ್ಳಲೆಂದೇ ಬಂದಿದ್ದ ಅತ್ತೆಯವರಿಗೆ ಕಾರಣವನ್ನು ಈವರೆಗೂ ಯಾರೂ ತಿಳಿಸಿಲ್ಲ.

ಹೋಟೆಲಿನ ಮೆನುಗಳದ್ದು ಇನ್ನೊಂದು ಲೋಕ. ನಮ್ಮ ಮನೆಯವರು ಸಸ್ಯಾಹಾರಿಗಳಾದ್ದರಿಂದ ಮೆನುವನ್ನು ನಾವು ಓದುತ್ತಿದ್ದದ್ದು ಹೆಚ್ಚಾಗಿ ಮನರಂಜನೆಗಾಗಿ. ಒಂದರಲ್ಲಿ ‘ಗಂಡ ಹೆಂಡತಿಯ ಶ್ವಾಸಕೋಶದ ಹೋಳುಗಳು’ ಎಂದಿತ್ತು. ಮಾವನವರು ಅದನ್ನು ಕನ್ನಡಕ್ಕೆ ಅನುವಾದಿಸಿ ಹೇಳಿದಾಗ ಅತ್ತೆಯವರು, “ಅಯ್ಯೋ ಪಾಪ, ಯಾವ ಮನೆಯವರೋ!” ಎಂದು ಮರುಗಿದರು. ದನದ ಮಾಂಸ, ನಾಲಗೆ, ಜಠರಗಳನ್ನು ತೆಳ್ಳಗೆ ಹೆಚ್ಚಿ ಖಾರದೆಣ್ಣೆ ಹಾಕಿ ಮಾಡುವ ಈ ತಿನಿಸಿಗೆ, 1930ರ ದಶಕದಲ್ಲಿ ಛೆಂಗ್ದು ನಗರದ ಬೀದಿಗಳಲ್ಲಿ ಅದನ್ನು ಮಾರುತ್ತಿದ್ದ ದಂಪತಿಯಿಂದ ಆ ಹೆಸರು ಬಂತಂತೆ. 2008ರ ಒಲಿಂಪಿಕ್ಸ್‌ಗೆ ಮುನ್ನ ಬೀಜಿಂಗಿನ ಅಧಿಕಾರಿಗಳು ಇಂಥ ಹೆಸರುಗಳಿಗೆಲ್ಲ ಸಭ್ಯ ಇಂಗ್ಲಿಷ್ ಹೆಸರುಗಳ ಪಟ್ಟಿಯನ್ನೇ ಹೊರಡಿಸಿದ್ದರು. 2017ರ ಡಿಸೆಂಬರಿನಿಂದಂತೂ ಸಾರ್ವಜನಿಕ ಫಲಕಗಳ ಇಂಗ್ಲಿಷಿಗೆ ರಾಷ್ಟ್ರೀಯ ಮಾನದಂಡವೇ ಜಾರಿಗೆ ಬಂದಿತು. ಈ ಸುದ್ದಿಯಿಂದ ಮಾವನವರಿಗೆ ಸಂತೋಷವಾಗಬೇಕಿತ್ತು. “ಎಲ್ಲವನ್ನೂ ಅವರೇ ತಿದ್ದಿಕೊಂಡುಬಿಟ್ಟರೆ ನಮಗೇನು ಕೆಲಸ?” ಎಂದು ಮುಖ ಸಣ್ಣ ಮಾಡಿಕೊಂಡರು.

ಹಾಸನಕ್ಕೆ ಮರಳಿದ ಮೇಲೂ ನೋಟ್‌ಬುಕ್ಕು ಬೆಳೆಯುತ್ತಲೇ ಇದೆ. ಸೋಲ್ ನಗರದಲ್ಲಿರುವ ನನ್ನ ಮೈದುನ, ಹಸಿ ಮಾಂಸದ ಖಾದ್ಯವೊಂದನ್ನು ‘ಆರು ಸಲ’ ಎಂದು ಅನುವಾದಿಸಿದ ಮೆನುವಿನ ಫೋಟೋ ಕಳುಹಿಸಿದ. ಕೊರಿಯನ್ ಭಾಷೆಯಲ್ಲಿ ಎರಡಕ್ಕೂ ಬರಹ ಒಂದೇ. ಆದರೆ ಮಾವನವರು ನೂರಕ್ಕೆ ನೂರು ಅಂಕ ಕೊಟ್ಟಿರುವುದು ಇಂಗ್ಲಿಷಿನಿಂದ ಆಚೆಗೆ ಹೋದ ಒಂದು ಅನುವಾದಕ್ಕೆ. ವೇಲ್ಸಿನ ಸ್ವಾನ್ಸೀಯಲ್ಲಿ 2008ರಲ್ಲಿ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಇಂಗ್ಲಿಷ್ ಸೂಚನೆಯನ್ನು ವೆಲ್ಷ್ ಭಾಷೆಗೆ ಮಾಡಿಕೊಡಿರೆಂದು ಅನುವಾದಕರಿಗೆ ಇ-ಮೇಲ್ ಕಳುಹಿಸಿದರು. ತಕ್ಷಣ ಬಂದ ವೆಲ್ಷ್ ಉತ್ತರವನ್ನು ಹಾಗೆಯೇ ಫಲಕಕ್ಕೇರಿಸಿ ರಸ್ತೆಬದಿಯಲ್ಲಿ ನೆಟ್ಟರು. ಅದರ ಅರ್ಥ ಹೀಗಿತ್ತು: “ನಾನು ಸದ್ಯ ಕಚೇರಿಯಲ್ಲಿಲ್ಲ. ಅನುವಾದದ ಕೆಲಸವಿದ್ದರೆ ಕಳುಹಿಸಿಕೊಡಿ.” ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪಿಲ್ಲ, ಪೂರ್ಣವಿರಾಮ ಕೂಡ ಸರಿಯಾದ ಜಾಗದಲ್ಲಿದೆ ಎಂಬುದು ಮೇಷ್ಟ್ರ ವಾದ. ನಮ್ಮವರು ಹಿಂದೆ ಬಿದ್ದಿದ್ದಾರೆಂಬ ಕೊರಗನ್ನು ನೆರೆಯ ಕೊಡಗು ತೀರಿಸಿತು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಅಲ್ಲಿಯ ರಸ್ತೆ ಫಲಕದ ಇಂಗ್ಲಿಷ್ ರೂಪವು ತುರ್ತಾಗಿ ಒಂದು ಅಪಘಾತ ಮಾಡಿ ಎಂದು ಚಾಲಕರಿಗೆ ಆಜ್ಞಾಪಿಸುವಂತಿದ್ದದ್ದು 2024ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು.

ಬೇಲೂರು, ಹಳೇಬೀಡುಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ, ಬೇಲೂರು ರಸ್ತೆಯಲ್ಲಿ ಸಣ್ಣ ಊಟದ ಹೋಟೆಲು ನಡೆಸುವ ಮಾವನವರ ಹಳೆಯ ಶಿಷ್ಯರೊಬ್ಬರಿಗೆ ಇಂಗ್ಲಿಷ್ ಬೋರ್ಡೊಂದನ್ನು ಹಾಕಬೇಕೆನ್ನಿಸಿತು. “ನೀವೇ ಬರೆದುಕೊಡಬೇಕು ಸಾರ್” ಎಂದು ಮನೆಗೇ ಬಂದರು. ಲೋಕದ ತಪ್ಪುಗಳನ್ನೆಲ್ಲ ಬಲ್ಲ ಮಾವನವರು ಬಹಳ ಎಚ್ಚರ ವಹಿಸಿದರು. ಹೆಸರುಬೇಳೆ ಯಾರದೋ ಹೆಸರಿನ ಬೇಳೆಯಾಗಬಾರದು; ಹಿತಕಿದ ಅವರೆ ಎಂದರೆ ಅವರೇ ಬಂದು ಹಿತಕಿದರು ಎಂದಾಗಬಾರದು. ಬಸ್ಸಾರಿಗಂತೂ, ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟಿಗೆ ಕಾರ ರುಬ್ಬಿ ಹಾಕಿ ಕುದಿಸಿದ ಸಾರು ಎಂಬುದನ್ನು ಮೂರು ಸಾಲಿನ ನಿರ್ದುಷ್ಟ ಇಂಗ್ಲಿಷಿನಲ್ಲಿ ಬರೆದರು.

ಅಷ್ಟುದ್ದದ್ದು ಬೋರ್ಡಿನಲ್ಲಿ ಹಿಡಿಸುವುದಿಲ್ಲವೆಂದು ಫ್ಲೆಕ್ಸ್ ಅಂಗಡಿಯ ಹುಡುಗ ತಾನೇ ಚಿಕ್ಕದು ಮಾಡಿದ. ಈಗ ಅಲ್ಲಿ ಬಾಳೆಯೆಲೆಯ ಚಿತ್ರದ ಪಕ್ಕದಲ್ಲಿ, ಹಸಿರು ಅಕ್ಷರಗಳಲ್ಲಿ, ‘ಬಸ್ ಸೂಪ್’ ಎಂದಿದೆ. ಬೇಲೂರಿಗೆ ಹೋಗುವ ವಿದೇಶೀಯರು ಕಾರು ನಿಲ್ಲಿಸಿ ಇಳಿದು ಅದರ ಫೋಟೋ ತೆಗೆದುಕೊಳ್ಳುತ್ತಾರೆ, ಕೆಲವರು ಒಳಗೆ ಬಂದು ಊಟವನ್ನೂ ಮಾಡುತ್ತಾರೆ. ವ್ಯಾಪಾರ ಚೆನ್ನಾಗಿರುವುದರಿಂದ ಬೋರ್ಡು ಬದಲಿಸಲು ಮಾಲೀಕರು ಸುತರಾಂ ಒಪ್ಪುತ್ತಿಲ್ಲ. ಮೇಲಾಗಿ, ಯಾರಾದರೂ ಅದರ ಇಂಗ್ಲಿಷಿನ ಬಗ್ಗೆ ವಿಚಾರಿಸಿದರೆ, “ನಮ್ಮ ಮೇಷ್ಟ್ರೇ ಬರೆದುಕೊಟ್ಟದ್ದು ಸಾರ್” ಎಂದು ಮಾವನವರ ಹೆಸರನ್ನೂ, ಅವರು ಕೆಲಸ ಮಾಡಿದ ಶಾಲೆಗಳ ಹೆಸರನ್ನೂ ಬಹಳ ಅಭಿಮಾನದಿಂದ ಹೇಳುತ್ತಾರೆ.