ಹೆಸರು ಸರಿಯಿಲ್ಲ, ವಾಪಸ್ ಹೋಗಿ

550, ಅಂದರೆ ಮೇಲ್ ಸರ್ವರ್‌ಗಳ ಭಾಷೆಯಲ್ಲಿ ‘ಆಗೋಲ್ಲ’. ನಿಮ್ಮ ಮೇಲ್ ತಗೊಳ್ಳೋದಿಲ್ಲ. ಯಾಕೆ ಸ್ವಾಮಿ? ನಿಮ್ಮ ಸರ್ವರ್ ಬಂದು ‘ಹಲೋ’ ಅಂದಾಗ ಹೇಳಿದ ಹೆಸರಿಗೂ ಅದರ ಐಪಿ ವಿಳಾಸಕ್ಕೂ ತಾಳೆಯಾಗಲಿಲ್ಲ, ನಾವು ಸ್ಟ್ಯಾಂಡರ್ಡ್ ಬಿಟ್ಟು ಆಚೀಚೆ ಹೋಗುವವರಲ್ಲ.

ಭೇಷ್! ಆದರೆ ಆ ಸ್ಟ್ಯಾಂಡರ್ಡನ್ನು ಒಂದು ಸಲ ಓದಿದ್ದರೆ ಚೆನ್ನಾಗಿತ್ತು. ಹೆಸರನ್ನು ಬೇಕಾದರೆ ಪರೀಕ್ಷಿಸಿ, ಆದರೆ ತಾಳೆಯಾಗಲಿಲ್ಲ ಅನ್ನೋ ಕಾರಣಕ್ಕೇ ಮೇಲ್ ನಿರಾಕರಿಸಕೂಡದು ಅಂತ ಮೇಲ್ ನಿಯಮಗಳನ್ನು ಬರೆದಿಟ್ಟ ದಾಖಲೆಯಾದ 2008ರ ಆರ್‌ಎಫ್‌ಸಿ 5321ರಲ್ಲಿ ಸ್ಪಷ್ಟವಾಗಿ ಬರೆದಿದೆ. ಸ್ಪ್ಯಾಮ್ ಕಾಟ ತಡೆಯೋಕೆ ಹೀಗೆ ಮಾಡ್ತೀವಿ ಅನ್ನಿ, ಒಪ್ಪುತ್ತೇವೆ. ಪುಸ್ತಕ ಎತ್ತಿ ತೋರಿಸಬೇಡಿ ಅಷ್ಟೆ.

ತೋರಿಸಲೇಬೇಕು ಅಂತಿದ್ದರೆ ಅದೇ ಪುಸ್ತಕದ ಇನ್ನೊಂದು ಮಾತು ಕೇಳಿ. ವಿಳಾಸದಲ್ಲಿ @ ಗುರುತಿಗೆ ಮುಂಚೆ ಬರುವ ಹೆಸರಿನಲ್ಲಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ ಅಂತಲೇ ನೋಡಬೇಕಂತೆ. ಎಲ್ಲಿ, ಒಂದು ದಿನ ಇದನ್ನು ಪಾಲಿಸಿ ತೋರಿಸಿ ನೋಡೋಣ! ಅರ್ಧ ಆಫೀಸಿಗೆ ಮೇಲ್ ಬರೋದು ನಿಂತು, ಸಂಜೆಯೊಳಗೆ ಅಡ್ಮಿನ್ ಸಾಹೇಬರು ತುಂಬಾ ಉದಾರಿಗಳಾಗಿಬಿಡುತ್ತಾರೆ.

ಇನ್ನು ಇವರ ಔದಾರ್ಯ. ನೀನು ಕಳಿಸುವುದರಲ್ಲಿ ಬಿಗಿಯಾಗಿರು, ಬೇರೆಯವರಿಂದ ಬಂದದ್ದನ್ನು ಒಪ್ಪುವುದರಲ್ಲಿ ಧಾರಾಳಿಯಾಗಿರು ಅಂತ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟಲ್ 1980ರಲ್ಲೇ ಬರೆದಿಟ್ಟಿದ್ದರು. ಮೊದಲರ್ಧ ಎಲ್ಲರಿಗೂ ಮರೆತುಹೋಯಿತು. ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯಲ್ಲಿ ಪ್ರತಿ ಸಾಲೂ ಸಿಆರ್ ಮತ್ತು ಎಲ್‌ಎಫ್ ಎಂಬ ಎರಡು ಗುರುತುಗಳಿಂದ ಮುಗಿಯಬೇಕು, ಚುಕ್ಕಿ ಒಂದೇ ಇರುವ ಸಾಲು ಬಂದರೆ ಪತ್ರ ಮುಗಿದಂತೆ. ಕೆಲವು ಯುನಿಕ್ಸ್ ಯಂತ್ರಗಳು ಬರೀ ಎಲ್‌ಎಫ್ ಕಳಿಸುತ್ತಿದ್ದವು. ಪಾಪ, ಬರಲಿ ಬಿಡಿ ಅಂತ ಸರ್ವರ್‌ಗಳು ಒಳಗೆ ಬಿಟ್ಟುಕೊಂಡವು. ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ, ಹೀಗೆ ಮಾಡಲೇಬೇಡಿ ಅಂತ 2001ರ ಆರ್‌ಎಫ್‌ಸಿ 2821 ಬೈದು ಹೇಳಿತು. 2008ರಲ್ಲಿ 5321 ಕೂಡ ಅದನ್ನೇ ಹೇಳಿತು. ಕೇಳುವವರು ಯಾರು?

2023ರ ಡಿಸೆಂಬರ್‌ನಲ್ಲಿ ‘ಎಸ್‌ಎಂಟಿಪಿ ಸ್ಮಗ್ಲಿಂಗ್’ ಬಯಲಾಯಿತು. ಒಂದೇ ಪತ್ರ. ನಡುವೆ ಬರೀ ಎಲ್‌ಎಫ್‌ನಂಥ ಅರೆಬರೆ ಸಾಲುಕೊನೆಯ ಜೊತೆಗೊಂದು ಚುಕ್ಕಿ. ಕಳಿಸುವ ಸರ್ವರ್‌ಗೆ ಅದು ಬರೀ ಪಠ್ಯ, ಹಾಗೇ ದಾಟಿಸುತ್ತದೆ. ತಗೊಳ್ಳುವ ಧಾರಾಳಿಗೆ ಪತ್ರ ಅಲ್ಲಿಗೇ ಮುಗಿಯಿತು, ಉಳಿದದ್ದು ಹೊಸ ಪತ್ರ! ಆ ಎರಡನೆಯದಕ್ಕೆ ಅದೇ ಸರ್ವರ್ ಬಳಸುವ ಇನ್ಯಾರದೋ ಹೆಸರು ಹಾಕಿದರೆ, ಆ ಹೆಸರಿನಲ್ಲಿ ಕಳಿಸೋಕೆ ಈ ಸರ್ವರ್‌ಗೆ ಅನುಮತಿ ಇದೆಯಾ ಅಂತ ನೋಡುವ ಎಸ್‌ಪಿಎಫ್ ಪರೀಕ್ಷೆಯಲ್ಲೂ ಪಾಸು. ನಿಜವಾದ ಮೇಲ್ ಹೆಸರಿನ ತಾಳೆಗಾಗಿ ಬಾಗಿಲಲ್ಲೇ ನಿಂತಿದೆ, ಕಳ್ಳ ಮೇಲ್ ಕಾಗದಪತ್ರವೆಲ್ಲ ಸರಿಯಿಟ್ಟುಕೊಂಡು ನೇರ ಇನ್‌ಬಾಕ್ಸಿಗೆ ಹೋಗಿ ಕೂತಿದೆ.

ಪೋಸ್ಟ್‌ಫಿಕ್ಸ್, ಎಕ್ಸಿಮ್, ಸೆಂಡ್‌ಮೇಲ್ ಎಂಬ ಮೂರು ಮೇಲ್ ಸರ್ವರ್ ತಂತ್ರಾಂಶಗಳಿಗೂ ಆಮೇಲೆ ತೇಪೆ ಬಂತು. ಇಷ್ಟರಲ್ಲಿ ಡಿ. ಜೆ. ಬರ್ನ್‌ಸ್ಟೀನ್ ಅವರ ಕ್ಯೂಮೇಲ್ ನೆನಪಾಗದೆ ಇರದು. ಬರೀ ಎಲ್‌ಎಫ್ ತಂದವರನ್ನು ಅದು 1990ರ ದಶಕದಲ್ಲೇ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿತ್ತು, ಅದಕ್ಕೆ ಬೈಸಿಕೊಂಡಿತ್ತು ಕೂಡ.

ಪೋಸ್ಟ್‌ಫಿಕ್ಸ್‌ನವರು ಬರೀ ಎಲ್‌ಎಫ್ ನಿಷೇಧಿಸುವ ಸೆಟ್ಟಿಂಗ್ ಕೊಟ್ಟಿದ್ದಾರೆ. ಅದರ ಪಕ್ಕದಲ್ಲೇ ಇನ್ನೊಂದು ಸೆಟ್ಟಿಂಗ್ ಇದೆ, ಈ ನಿಷೇಧ ಯಾರ‍್ಯಾರಿಗೆ ಬೇಡ ಅಂತ ಬರೆಯೋಕೆ. ಏನೂ ಮುಟ್ಟದೆ ಬಿಟ್ಟರೆ ಅದರಲ್ಲಿ ಇರುವುದು ನಮ್ಮದೇ ನೆಟ್‌ವರ್ಕ್.